ಅಪ್ಪನ ಸೇಕ್ರಮ್ ಮೂಳೆಯಲ್ಲಿ ಕಾರ್ಡೋಮಾ: ನಿಧಾನವಾಗಿ ಬೆಳೆಯುತ್ತೆ ಅಂದ್ರೆ ಸುಮ್ನೆ ಬಿಡಬಹುದಾ?

ಪ್ರಶ್ನೆ: ಡಾಕ್ಟರೇ, ನಮ್ಮ ಅಪ್ಪನಿಗೆ 58 ವರ್ಷ. ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಒಂದೂವರೆ ವರ್ಷದಿಂದ ಕೂತರೆ ಸಾಕು, ಬಾಲದ ಮೂಳೆ ಹತ್ತಿರ ನೋವು. ಮೊದಲು ಮೂಲವ್ಯಾಧಿ ಅಂದರು. ಆಮೇಲೆ ಡಿಸ್ಕ್ ಜಾರಿದೆ ಅಂದರು. ಸೊಂಟದ ಎಂಆರ್‌ಐ ಮಾಡಿಸಿದೆವು, ನಾರ್ಮಲ್ ಬಂತು. ಈಚೆಗೆ ಮಲಬದ್ಧತೆ ಜಾಸ್ತಿಯಾಯಿತು. ಬೇರೆ ಡಾಕ್ಟರು ಇನ್ನೊಂದು ಎಂಆರ್‌ಐ ಮಾಡಿಸಿದಾಗ ಸೇಕ್ರಮ್ ಮೂಳೆಯಲ್ಲಿ 7 ಸೆಂ.ಮೀ. ಗಡ್ಡೆ ಕಂಡಿದೆ. ಬಯಾಪ್ಸಿಯಲ್ಲಿ ‘ಕಾರ್ಡೋಮಾ’ ಅಂತ ಬಂದಿದೆ. ಒಬ್ಬರು ಮುಂದಿನ ವಾರವೇ ಆಪರೇಷನ್ ಅನ್ನುತ್ತಾರೆ. ಇನ್ನೊಬ್ಬರು ಆಪರೇಷನ್ ಮಾಡಿದರೆ ಮಲಮೂತ್ರದ ಹಿಡಿತ ಹೋಗುತ್ತೆ ಅನ್ನುತ್ತಾರೆ. ನೆಂಟರು, ನಿಧಾನವಾಗಿ ಬೆಳೆಯೋ ಗಡ್ಡೆ ಅಲ್ವಾ, ಈ ವಯಸ್ಸಲ್ಲಿ ಯಾಕೆ ಮುಟ್ಟೋದು ಅನ್ನುತ್ತಾರೆ. ಅಪ್ಪನಿಗೆ ಇನ್ನೂ ಏನೂ ಹೇಳಿಲ್ಲ. ಇದು ನಿಜವಾಗಿ ಕ್ಯಾನ್ಸರಾ? ನಮಗೂ ಬರುತ್ತಾ? ಅಪ್ಪ ಮತ್ತೆ ಟ್ರ್ಯಾಕ್ಟರ್ ಹತ್ತುತ್ತಾರಾ?
– ಮಗಳು, ಚಿತ್ರದುರ್ಗ ಜಿಲ್ಲೆ

ಉತ್ತರ: ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಮುಂದಿನ ವಾರದ ಆಪರೇಷನ್‌ಗೆ ಒಪ್ಪಿಕೊಂಡಿದ್ದರೆ ಎರಡು ಮೂರು ವಾರ ಮುಂದಕ್ಕೆ ಹಾಕಿ. ಅಷ್ಟರಲ್ಲಿ ಈ ಗಡ್ಡೆಯನ್ನು ಮೊದಲೇ ನೋಡಿ ತೆಗೆದು ಅನುಭವ ಇರುವ ತಂಡಕ್ಕೆ ತೋರಿಸಿ. ಎರಡು ಮೂರು ವಾರದಲ್ಲಿ ಕಾರ್ಡೋಮಾ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಮೂತ್ರ ಪೂರ್ತಿ ಕಟ್ಟಿಕೊಂಡರೆ, ಕಾಲಿನ ಬಲ ಕಡಿಮೆಯಾಗುತ್ತಿದ್ದರೆ, ಕೂರುವ ಜಾಗ ಮರಗಟ್ಟುತ್ತಾ ಬಂದರೆ ಕಾಯಬೇಡಿ. ಅವತ್ತೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ನಿಮ್ಮ ಮೊದಲ ಪ್ರಶ್ನೆ. ಹೌದು, ಇದು ಕ್ಯಾನ್ಸರೇ. ಆದರೆ ಕ್ಯಾನ್ಸರ್ ಅಂದ ಕೂಡಲೇ ನಮ್ಮ ತಲೆಯಲ್ಲಿ ಬರುವ ಚಿತ್ರಕ್ಕಿಂತ ಇದು ಬೇರೆ. ಹೇಗೆ ಬೇರೆ ಅಂತ ತಿಳಿಯಲು ಅದು ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಾಗಬೇಕು.

ತಾಯಿಯ ಹೊಟ್ಟೆಯಲ್ಲಿ ಮಗು ಇನ್ನೂ ಮೂರು ವಾರದ ಚಿಕ್ಕ ಪಿಂಡವಾಗಿರುವಾಗ ಅದರ ಬೆನ್ನಿನ ಉದ್ದಕ್ಕೂ ಒಂದು ಮೆತ್ತನೆ ದಾರದಂಥದ್ದು ಹುಟ್ಟುತ್ತದೆ. ಅದಕ್ಕೆ ನೋಟೊಕಾರ್ಡ್ ಅಂತ ಹೆಸರು. ಬೆನ್ನುಮೂಳೆ ಎಲ್ಲಿ ಬರಬೇಕು, ಬೆನ್ನುಹುರಿ ಎಲ್ಲಿ ಬರಬೇಕು ಅಂತ ಗೆರೆ ಎಳೆದು ತೋರಿಸುವುದು ಅದೇ. ಮನೆ ಕಟ್ಟುವಾಗ ಮೇಸ್ತ್ರಿ ಮೊದಲು ದಾರ ಕಟ್ಟಿ, ಅದರ ನೇರಕ್ಕೆ ಇಟ್ಟಿಗೆ ಇಡುತ್ತಾನಲ್ಲ, ಹಾಗೆ. ಗೋಡೆ ಎದ್ದ ಮೇಲೆ ದಾರಕ್ಕೆ ಕೆಲಸವಿಲ್ಲ. ನೋಟೊಕಾರ್ಡ್ ಕೂಡ ಮೂಳೆಗಳು ಬಂದ ಮೇಲೆ ಕರಗುತ್ತಾ ಹೋಗುತ್ತದೆ. ಡಿಸ್ಕ್‌ಗಳ ನಡುವಿನ ಮೆತ್ತನೆ ತಿರುಳು ಮಾತ್ರ ಅದರಿಂದಲೇ ಬಂದದ್ದು. ಕೆಲವರಲ್ಲಿ ದಾರದ ಚೂರುಗಳು ಮೂಳೆಯ ಒಳಗೆ ಅಲ್ಲಲ್ಲಿ ಉಳಿದುಬಿಡುತ್ತವೆ, ಹೆಚ್ಚಾಗಿ ದಾರದ ಎರಡು ತುದಿಗಳಲ್ಲಿ. ಮೇಲಿನ ತುದಿ ಅಂದರೆ ತಲೆಬುರುಡೆಯ ತಳ. ಕೆಳಗಿನ ತುದಿ ಅಂದರೆ ಸೇಕ್ರಮ್, ಸೊಂಟದ ಕೆಳಗೆ ಬೆನ್ನುಮೂಳೆ ಮುಗಿಯುವ ಕಡೆಯ ತ್ರಿಕೋನದ ಮೂಳೆ. ಈ ಚೂರುಗಳು ಬಹಳಷ್ಟು ಜನರಲ್ಲಿ ಸಾಯುವ ತನಕ ತೆಪ್ಪಗೆ ಇದ್ದುಬಿಡುತ್ತವೆ. ಎಲ್ಲೋ ಒಬ್ಬರಲ್ಲಿ ಎಚ್ಚರಗೊಂಡು ಬೆಳೆಯಲು ಶುರುಮಾಡುತ್ತವೆ. ಅದೇ ಕಾರ್ಡೋಮಾ.

ಎಲ್ಲೋ ಒಬ್ಬರು ಅಂದೆನಲ್ಲ, ಲೆಕ್ಕ ಹೇಳುವುದಾದರೆ ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು ಒಬ್ಬರು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 300 ಹೊಸ ರೋಗಿಗಳು. ಜಿಲ್ಲಾ ಮಟ್ಟದ ಡಾಕ್ಟರೊಬ್ಬರು ನಿವೃತ್ತಿ ಆಗುವ ತನಕ ಒಂದೂ ನೋಡದೆ ಇರಬಹುದು. ನಿಮ್ಮ ಅಪ್ಪನಿಗೆ ಒಂದೂವರೆ ವರ್ಷ ಬೇರೆ ಬೇರೆ ಹೆಸರು ಹೇಳಿದವರ ಮೇಲೆ ನೀವು ಸಿಟ್ಟಾಗಿದ್ದರೆ ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಈ ಕಾಯಿಲೆಯಲ್ಲಿ ಹೀಗೆ ತಡವಾಗುವುದು ಎಲ್ಲ ದೇಶಗಳಲ್ಲೂ ಇರುವ ಕಥೆ.

ಸೊಂಟದ ಎಂಆರ್‌ಐ ಯಾಕೆ ನಾರ್ಮಲ್ ಬಂತು? ಇದನ್ನು ಬೇರೆ ಓದುಗರೂ ಗಮನಿಸಬೇಕು. ಸೊಂಟದ ಎಂಆರ್‌ಐ ಅಂದರೆ ಡಿಸ್ಕ್ ನೋಡಲು ಮಾಡುವ ಸ್ಕ್ಯಾನ್. ಅದರ ಚಿತ್ರ ಸಾಮಾನ್ಯವಾಗಿ ಸೇಕ್ರಮ್‌ನ ಮೇಲಿನ ಭಾಗಕ್ಕೇ ನಿಂತುಬಿಡುತ್ತದೆ. ಗಡ್ಡೆ ಅದರ ಕೆಳಗೆ ಕೂತಿರುತ್ತದೆ. ರಿಪೋರ್ಟ್ ಬರೆದವರು ತಪ್ಪು ಬರೆದಿಲ್ಲ, ಅವರಿಗೆ ಕಂಡಿದ್ದು ನಾರ್ಮಲ್ಲೇ. ಎಕ್ಸ್‌ರೇಯಲ್ಲೂ ಹಾಗೆಯೇ. ಸೇಕ್ರಮ್ ಬಾಗಿದ ಮೂಳೆ, ಅದರ ಮುಂದೆ ಕರುಳಿನ ಗಾಳಿ, ಮಲ ಎಲ್ಲ ಅಡ್ಡ ಬಂದು ಏನೂ ಸ್ಪಷ್ಟ ಕಾಣುವುದಿಲ್ಲ. ಅದಕ್ಕೇ ಹೇಳುತ್ತೇನೆ: ಕೂತಾಗ ಬಾಲದ ಮೂಳೆ ನೋವು ತಿಂಗಳುಗಟ್ಟಲೆ ಹೋಗದಿದ್ದರೆ, ರಾತ್ರಿ ಮಲಗಿದರೂ ನೋಯುತ್ತಿದ್ದರೆ, ಜೊತೆಗೆ ಮಲಬದ್ಧತೆಯೋ ಮೂತ್ರದ ತೊಂದರೆಯೋ ಇದ್ದರೆ, ‘ಸೇಕ್ರಮ್ ಮತ್ತು ಬಾಲದ ಮೂಳೆ ಪೂರ್ತಿ ಬರುವ ಹಾಗೆ ಸ್ಕ್ಯಾನ್ ಮಾಡಿಸಿ’ ಅಂತ ಬಾಯಿ ಬಿಟ್ಟು ಕೇಳಿ.

ಇನ್ನೊಂದು ಇದೆ, ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ. ಗುದದ್ವಾರದಲ್ಲಿ ಕೈಗವಸು ಹಾಕಿದ ಬೆರಳಿಟ್ಟು ನೋಡುವುದು. ಸೇಕ್ರಮ್‌ನ ಕಾರ್ಡೋಮಾ ಮುಂದಕ್ಕೆ, ಕರುಳಿನ ಕಡೆಗೆ ಉಬ್ಬಿಕೊಂಡು ಬೆಳೆಯುತ್ತದೆ. ಹಾಗಾಗಿ ಬೆರಳಿಗೆ ಹಿಂಭಾಗದಲ್ಲಿ ನುಣುಪಾದ ಗಟ್ಟಿ ಉಬ್ಬು ಸಿಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ರೈತರು ಇದೇ ನೋವು ಅಂತ ಬಂದಿದ್ದರು. ಹೊರಗೆ ಸಾಲು ಉದ್ದ ಇತ್ತು. ಅವರು ಕುರ್ಚಿಯಲ್ಲಿ ಒಂದೇ ಪಕ್ಕಕ್ಕೆ ಒರಗಿ ಕೂತಿದ್ದರು. ಬಸ್ಸಿನಲ್ಲಿ ಊರಿಂದ ನಿಂತೇ ಬಂದೆ ಸಾರ್, ಸೀಟ್ ಖಾಲಿ ಇದ್ದರೂ ಕೂರಕ್ಕೆ ಆಗಲಿಲ್ಲ ಅಂದರು. ನಾನು ನೋವಿನ ಮಾತ್ರೆ ಬರೆದು, ಗಾಳಿ ದಿಂಬು ತಗೊಳ್ಳಿ ಅಂತ ಹೇಳಿ ಕಳಿಸಿದೆ. ಬೆರಳಿಟ್ಟು ನೋಡಲಿಲ್ಲ. ಎಂಟು ತಿಂಗಳ ಮೇಲೆ ಅವರು ಮೂತ್ರ ಕಟ್ಟಿಕೊಂಡು ವಾಪಸ್ ಬಂದರು. ಆ ಒಂದು ನಿಮಿಷ ನಾನು ಕೊಟ್ಟಿದ್ದರೆ ಗಡ್ಡೆ ಚಿಕ್ಕದಿದ್ದಾಗಲೇ ಸಿಗುತ್ತಿತ್ತು. ಅವತ್ತಿನಿಂದ ಬಾಲದ ಮೂಳೆ ನೋವು ಅಂದ ಒಬ್ಬರನ್ನೂ ಆ ಪರೀಕ್ಷೆ ಮಾಡದೆ ನಾನು ಕಳಿಸಿಲ್ಲ.

ಇದೇ ಗಡ್ಡೆ ದಾರದ ಮೇಲಿನ ತುದಿಯಲ್ಲಿ ಬಂದರೆ ಲಕ್ಷಣಗಳು ಪೂರ್ತಿ ಬೇರೆ. ತಲೆಬುರುಡೆಯ ತಳದಲ್ಲಿ, ಮೂಗಿನ ಹಿಂದೆ ಬಹಳ ಆಳದಲ್ಲಿ, ಮೆದುಳಿನ ಕಾಂಡಕ್ಕೆ ಒರಗಿದಂತೆ ಒಂದು ಇಳಿಜಾರಿನ ಮೂಳೆ ಇದೆ. ಕ್ಲೈವಸ್ ಅಂತ ಅದರ ಹೆಸರು. ಅದರ ಪಕ್ಕದಲ್ಲೇ ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೇ ನರ ಹಾದು ಹೋಗುತ್ತದೆ. ಗಡ್ಡೆ ಆ ನರವನ್ನು ಒತ್ತಿದರೆ ಕಣ್ಣು ಒಳಕ್ಕೆ ಜಗ್ಗುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಒಬ್ಬ ಕಾಲೇಜು ಹುಡುಗ ನನ್ನ ಸಹೋದ್ಯೋಗಿಯ ಹತ್ತಿರ ಬಂದಿದ್ದ. ಬಸ್ಸಿನ ಬೋರ್ಡ್ ಓದಬೇಕಾದರೆ ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಎರಡು ಸಲ ಕನ್ನಡಕ ಬದಲಾಯಿಸಿದ್ದ, ಮೂರನೆಯದಕ್ಕೆ ಅಳತೆ ಕೊಟ್ಟಿದ್ದ. ಅಷ್ಟರಲ್ಲಿ ಅನುಮಾನ ಬಂದು ಕಣ್ಣಿನ ಡಾಕ್ಟರೇ ಎಂಆರ್‌ಐಗೆ ಕಳಿಸಿದ್ದರು. ಹೋಗದ ತಲೆನೋವು, ನುಂಗಲು ಕಷ್ಟ, ದನಿ ಒಡೆಯುವುದು, ನಾಲಿಗೆ ಒಂದು ಕಡೆಗೆ ವಾಲುವುದು, ಇವೂ ಅದೇ ಜಾಗದ ಸುಳಿವುಗಳು. ಅಲ್ಲಿ ಈಗ ಹೆಚ್ಚಿನ ಆಪರೇಷನ್‌ಗಳನ್ನು ಮೂಗಿನ ಒಳಗಿಂದಲೇ ಎಂಡೋಸ್ಕೋಪ್ ಅನ್ನುವ ಕ್ಯಾಮೆರಾ ಕೊಳವೆ ಹಾಕಿ ಮಾಡುತ್ತಾರೆ, ತಲೆ ಬುರುಡೆ ತೆರೆಯುವುದಿಲ್ಲ. ಮೆದುಳಿನ ಸುತ್ತಲಿನ ನೀರು ಮೂಗಿನಿಂದ ಸೋರದ ಹಾಗೆ ಮೂಗಿನ ಒಳಪದರದ ಒಂದು ಭಾಗವನ್ನೇ ತಿರುಗಿಸಿ ಮುಚ್ಚುತ್ತಾರೆ. ತಲೆಯ ಕಾರ್ಡೋಮಾ ಇರುವವರು ಬೆಂಗಳೂರಿನ ನಿಮ್ಹಾನ್ಸ್‌ನಂಥ ನರರೋಗ ಸಂಸ್ಥೆಗೇ ಹೋಗುವುದು ಒಳ್ಳೆಯದು. ಸೇಕ್ರಮ್‌ನಲ್ಲಿ ಬರುವವರು ಹೆಚ್ಚಾಗಿ 50 ದಾಟಿದವರು, ಅದರಲ್ಲೂ ಗಂಡಸರು. ತಲೆಯಲ್ಲಿ ಸ್ವಲ್ಪ ಚಿಕ್ಕ ವಯಸ್ಸಿನವರಿಗೂ, ಅಪರೂಪಕ್ಕೆ ಮಕ್ಕಳಿಗೂ ಬರುತ್ತದೆ.

ಸರಿ, ನಿಮ್ಮ ಅಪ್ಪನ ವಿಷಯಕ್ಕೆ ಬರೋಣ. ಬಯಾಪ್ಸಿ ರಿಪೋರ್ಟ್ ಕೈಗೆ ತಗೊಳ್ಳಿ. ಅದರಲ್ಲಿ ‘ಬ್ರ್ಯಾಕಿಯುರಿ’ ಅನ್ನುವ ಪದ ಇದೆಯಾ, ಅದರ ಮುಂದೆ ಪಾಸಿಟಿವ್ ಅಂತ ಇದೆಯಾ ನೋಡಿ. ನೋಟೊಕಾರ್ಡ್ ಬೆಳೆಯಲು ಬೇಕಾದ ಪ್ರೋಟೀನ್ ಅದು. ದೊಡ್ಡವರ ಮೈಯಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ. ಕಾರ್ಡೋಮಾದಲ್ಲಿ ಮಾತ್ರ ಅದು ಜೋರಾಗಿ ಕಾಣುತ್ತದೆ ಅಂತ 2006ರಲ್ಲಿ ಗೊತ್ತಾದ ಮೇಲೆ ಈ ಕಾಯಿಲೆಯ ಗುರುತು ಹಿಡಿಯುವುದು ಬಹಳ ಸುಲಭವಾಯಿತು. ಅದಕ್ಕಿಂತ ಮುಂಚೆ ಮೆದುಮೂಳೆಯ ಬೇರೊಂದು ಕ್ಯಾನ್ಸರ್ ಜೊತೆ ಇದನ್ನು ಕಲಸಿಬಿಡುತ್ತಿದ್ದರು. ಚಿಕಿತ್ಸೆಯ ಫಲ ಎರಡರಲ್ಲೂ ಬೇರೆ ಬೇರೆ ಆದ್ದರಿಂದ ಆ ಗೊಂದಲ ಸಣ್ಣದಲ್ಲ. ಆ ಪರೀಕ್ಷೆ ಆಗಿಲ್ಲದಿದ್ದರೆ ಬಯಾಪ್ಸಿಯ ಬ್ಲಾಕ್ ಅಂತ ಮೇಣದ ಬಿಲ್ಲೆ ಇರುತ್ತದೆ, ಅದನ್ನು ಕೇಳಿ ತೆಗೆದುಕೊಂಡು ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಇನ್ನೊಮ್ಮೆ ನೋಡಿಸಿ. ಹೊಸದಾಗಿ ಸೂಜಿ ಚುಚ್ಚುವ ಅಗತ್ಯ ಇಲ್ಲ. ಸೂಜಿಯನ್ನು ಎಲ್ಲಿಂದ ಹಾಕಿದ್ದರು ಅನ್ನುವುದನ್ನೂ ಕೇಳಿಟ್ಟುಕೊಳ್ಳಿ. ಬೆನ್ನ ಕಡೆಯಿಂದ, ನಡುಗೆರೆಯ ಹತ್ತಿರ ಹಾಕಿದ್ದರೆ ಸರಿ. ಸೂಜಿ ಹೋದ ದಾರಿಯಲ್ಲಿ ಕಣಗಳು ಉಳಿದಿರಬಹುದು, ಆಪರೇಷನ್‌ನಲ್ಲಿ ಆ ದಾರಿಯನ್ನೂ ಸೇರಿಸಿಯೇ ತೆಗೆಯಬೇಕು. ಗುದದ್ವಾರದ ಮೂಲಕ ಹಾಕಿದ್ದರೆ ಸರ್ಜನ್‌ಗೆ ಅದನ್ನು ಮುಂಚೆಯೇ ಹೇಳಲೇಬೇಕು.

ಕಾರ್ಡೋಮಾವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಜೀವಕೋಶಗಳ ಒಳಗೆ ಗುಳ್ಳೆ ಗುಳ್ಳೆ ತುಂಬಿಕೊಂಡಿರುತ್ತವೆ, ಸೋಪಿನ ನೊರೆಯ ಹಾಗೆ. ಜರ್ಮನಿಯ ರುಡಾಲ್ಫ್ ವಿರ್ಷೋ 1850ರ ದಶಕದಲ್ಲೇ ಇದನ್ನು ನೋಡಿ, ಗುಳ್ಳೆ ಹೊತ್ತ ಕೋಶ ಅನ್ನುವ ಅರ್ಥದ ಹೆಸರು ಕೊಟ್ಟರು. ಅವರು ಇದು ಮೆದುಮೂಳೆಯಿಂದ ಬಂದದ್ದು ಅಂದುಕೊಂಡಿದ್ದರು. ಇದು ನೋಟೊಕಾರ್ಡ್‌ನ ಉಳಿಕೆ ಅಂತ ಸ್ವಲ್ಪ ಸಮಯದಲ್ಲೇ ಹೇಳಿದವರು ಹೈನ್‌ರಿಶ್ ಮ್ಯುಲರ್. ನಾನು ಈ ಹಳೆ ಕಥೆ ತೆಗೆದಿದ್ದಕ್ಕೆ ಕಾರಣ ಇದೆ. ಗುಳ್ಳೆ ತುಂಬಿದ ಕೋಶಗಳಿಂದ ಆದ ಗಡ್ಡೆ ಹೇಗಿರುತ್ತದೆ ಗೊತ್ತಾ? ಬೇಸಿಗೆಯಲ್ಲಿ ರಸ್ತೆ ಬದಿ ತಾಟಿನಿಂಗು ಮಾರುತ್ತಾರಲ್ಲ, ಅದರ ಒಳಗಿನ ತಿರುಳಿನ ಹಾಗೆ. ಬೂದು ಬಿಳಿ, ಅರೆ ಪಾರದರ್ಶಕ, ಲೋಳೆ ಲೋಳೆ. ಮೇಲೊಂದು ತೆಳು ಸಿಪ್ಪೆ. ಆ ಸಿಪ್ಪೆ ಹರಿಯಿತೋ, ಒಳಗಿನ ಲೋಳೆ ಗಾಯದ ತುಂಬ ಹರಡುತ್ತದೆ. ಬಿದ್ದ ಕಡೆಯೆಲ್ಲ ಕೋಶಗಳು ಬೇರು ಬಿಟ್ಟು ಮತ್ತೆ ಬೆಳೆಯುತ್ತವೆ.

ಹಾಗಾಗಿ ಈ ಆಪರೇಷನ್‌ನ ಜೀವಾಳ ಒಂದೇ: ಗಡ್ಡೆಯನ್ನು ಒಡೆಯದೆ, ಸುತ್ತಲಿನ ಒಳ್ಳೆಯ ಮಾಂಸ ಮೂಳೆಯ ಒಂದು ಪದರ ಸಮೇತ, ಇಡಿಯಾಗಿ ಹೊರಗೆ ತರಬೇಕು. ಒಳಗೆ ಕೆರೆದು ಕೆರೆದು ತೆಗೆದರೆ ‘ಆಪರೇಷನ್ ಆಯಿತು’ ಅನ್ನುವ ಸಮಾಧಾನ ಮಾತ್ರ. ಒಂದೆರಡು ವರ್ಷಕ್ಕೆ ಮತ್ತೆ ಬರುತ್ತದೆ, ಈ ಸಲ ಒಂದೇ ಕಡೆ ಅಲ್ಲ, ಅಲ್ಲಲ್ಲಿ. ಎರಡನೇ ಸಲ ಇಡಿಯಾಗಿ ತೆಗೆಯುವುದು ಬಹಳ ಕಷ್ಟ. ಮುಂದಿನ ವಾರದ ಡೇಟ್ ಮುಂದಕ್ಕೆ ಹಾಕಿ ಅಂದೆನಲ್ಲ, ಅದು ಇದಕ್ಕೇ. ಮೊದಲ ಆಪರೇಷನ್ನೇ ದೊಡ್ಡ ಅವಕಾಶ. ಆ ಸರ್ಜನ್‌ಗೆ ನೇರವಾಗಿ ಕೇಳಿ: ‘ಸಾರ್, ಸೇಕ್ರಮ್ ಕಾರ್ಡೋಮಾ ನೀವು ಎಷ್ಟು ತೆಗೆದಿದ್ದೀರಿ? ಇಡಿಯಾಗಿ ತೆಗೆಯುತ್ತೀರಾ?’ ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಬೇಜಾರಾಗುವುದಿಲ್ಲ. ನಾನೂ ಇಂಥ ಎಷ್ಟೋ ರೋಗಿಗಳನ್ನು ನನಗಿಂತ ಹೆಚ್ಚು ಮಾಡಿದವರ ಹತ್ತಿರ ಕಳಿಸಿದ್ದೇನೆ. ಇಡಿಯಾಗಿ ಬಂದವರಲ್ಲೂ ಕೆಲವರಿಗೆ ಮರುಕಳಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎರಡಕ್ಕೂ ಅಜಗಜಾಂತರ.

ಇನ್ನು ಮಲಮೂತ್ರದ ಹಿಡಿತ. ಆ ಎರಡನೇ ಡಾಕ್ಟರು ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ. ಸೇಕ್ರಮ್‌ನಿಂದ ಎರಡೂ ಕಡೆಗೆ ಐದೈದು ನರಗಳು ಹೊರಡುತ್ತವೆ, ಮೇಲಿಂದ ಕೆಳಕ್ಕೆ ಎಸ್1ರಿಂದ ಎಸ್5. ಮೂತ್ರಚೀಲ, ಗುದದ್ವಾರ, ಲೈಂಗಿಕ ಶಕ್ತಿ, ಇವು ಮುಖ್ಯವಾಗಿ ಎಸ್2, ಎಸ್3, ಎಸ್4ರ ಕೈಯಲ್ಲಿವೆ. ಎರಡೂ ಕಡೆಯ ಎಸ್2 ಉಳಿದು, ಎಸ್3ರಲ್ಲಿ ಒಂದು ಕಡೆಯದಾದರೂ ಉಳಿದರೆ ಬಹಳಷ್ಟು ಜನರಿಗೆ ಹಿಡಿತ ಹೆಚ್ಚು ಕಡಿಮೆ ಮೊದಲಿನ ಹಾಗೇ ಇರುತ್ತದೆ. ಎರಡೂ ಕಡೆಯ ಎಸ್2 ಕತ್ತರಿಸಬೇಕಾಗಿ ಬಂದರೆ ಹಿಡಿತ ಹೋಗುತ್ತದೆ. ಎಸ್1ಕ್ಕೂ ಏಟು ಬಿದ್ದರೆ ನಡಿಗೆಯ ಮೇಲೂ ಪರಿಣಾಮ. ಅಂದರೆ ‘ಆಪರೇಷನ್ ಆದರೆ ಹಿಡಿತ ಹೋಗುತ್ತಾ’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ‘ಗಡ್ಡೆಯ ಮೇಲಂಚು ಯಾವ ನರದ ತನಕ ಬಂದಿದೆ?’ ಅಂತ ಕೇಳಬೇಕು. ಎಂಆರ್‌ಐ ಚಿತ್ರ ಪರದೆ ಮೇಲೆ ಹಾಕಿ ಬೆರಳಿಟ್ಟು ತೋರಿಸಿ ಅನ್ನಿ. ಕೆಳಗೆ ಎಸ್4ರ ಹತ್ತಿರ ಇರುವ ಗಡ್ಡೆಗೂ ಎಸ್2ಕ್ಕೆ ಏರಿದ ಗಡ್ಡೆಗೂ ಬದುಕಿನಲ್ಲಿ ಆಗುವ ವ್ಯತ್ಯಾಸ ಬಹಳ ದೊಡ್ಡದು. ಹಾಗೇ ಬಿಟ್ಟರೆ? ಗಡ್ಡೆ ಮೇಲೇರುತ್ತಾ ಅದೇ ನರಗಳನ್ನು ಒಂದೊಂದಾಗಿ ತಿನ್ನುತ್ತದೆ. ಆಗ ಹಿಡಿತವೂ ಹೋಗುತ್ತದೆ, ಗಡ್ಡೆಯೂ ಉಳಿಯುತ್ತದೆ. ನಿಮ್ಮ ನೆಂಟರಿಗೆ ಇದನ್ನು ಹೇಳಿ. ನಿಧಾನ ಅನ್ನುವುದು ಸಾಧು ಅನ್ನುವ ಅರ್ಥವಲ್ಲ.

ಆಪರೇಷನ್ ದೊಡ್ಡದು. ಬೆಳಿಗ್ಗೆ ಒಳಗೆ ಹೋದವರು ಸಂಜೆ ಹೊರಗೆ ಬರಬಹುದು. ಮೂಳೆ ತಜ್ಞರು, ಕರುಳಿನ ಸರ್ಜನ್, ಪ್ಲಾಸ್ಟಿಕ್ ಸರ್ಜನ್ ಮೂವರೂ ಬೇಕಾಗುತ್ತಾರೆ. ಗಾಯ ಗುದದ್ವಾರದ ಪಕ್ಕದಲ್ಲೇ ಇರುವುದರಿಂದ ಕೀವಾಗುವುದು, ಹೊಲಿಗೆ ಬಿಡುವುದು ಸಾಮಾನ್ಯ. ಖಾಲಿ ಜಾಗ ತುಂಬಲು ಪೃಷ್ಠದ ಅಥವಾ ಹೊಟ್ಟೆಯ ಮಾಂಸಖಂಡ ತಿರುಗಿಸಿ ಹಾಕುತ್ತಾರೆ. ವಾರಗಟ್ಟಲೆ ಬೋರಲು ಅಥವಾ ಪಕ್ಕಕ್ಕೇ ಮಲಗಬೇಕು. ಆಪರೇಷನ್‌ಗೆ ಮುಂಚೆ ಅಪ್ಪ ಬೀಡಿ ಸೇದುತ್ತಿದ್ದರೆ ಬಿಡಿಸಿ, ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ಗಾಯ ಮಾಯುವುದು ಇದರ ಮೇಲೇ ನಿಂತಿದೆ. ಮೂತ್ರದ ಹಿಡಿತ ಹೋದವರಿಗೂ ದಾರಿ ಇದೆ. ದಿನಕ್ಕೆ ನಾಲ್ಕೈದು ಸಲ ತಾವೇ ಸಣ್ಣ ಟ್ಯೂಬ್ ಹಾಕಿ ಮೂತ್ರ ಖಾಲಿ ಮಾಡಿಕೊಳ್ಳುವುದನ್ನು ನರ್ಸ್‌ಗಳು ಒಂದು ವಾರದಲ್ಲಿ ಕಲಿಸುತ್ತಾರೆ. ಹಾಗೆ ಕಲಿತು ಮದುವೆ ಮನೆಗೆ, ಜಾತ್ರೆಗೆ ಹೋಗಿ ಬರುವವರನ್ನು ನಾನು ಬಲ್ಲೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಪ್ಪನಿಗೆ ಹೇಳಿ. ನೀವು ಪ್ರೀತಿಯಿಂದಲೇ ಮುಚ್ಚಿಟ್ಟಿದ್ದೀರಿ, ಗೊತ್ತು. ಆದರೆ ಮೂತ್ರದ ಹಿಡಿತ ಕೊಟ್ಟು ಗಡ್ಡೆ ತೆಗೆಸಿಕೊಳ್ಳಬೇಕಾ, ಬೇರೆ ದಾರಿ ಹಿಡಿಯಬೇಕಾ ಅನ್ನುವುದು ಮಕ್ಕಳು, ಅಳಿಯ, ಚಿಕ್ಕಪ್ಪ ಸೇರಿ ನಿರ್ಧರಿಸುವ ವಿಷಯವಲ್ಲ. ಮೈ ಅವರದು. ಆಪರೇಷನ್ ಆದ ಮೇಲೆ ಎಚ್ಚರವಾಗಿ, ಟ್ಯೂಬ್ ನೋಡಿ, ‘ನನಗೆ ಯಾಕೆ ಒಂದು ಮಾತು ಹೇಳಲಿಲ್ಲ’ ಅಂತ ಅತ್ತ ತಂದೆಯೊಬ್ಬರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗ ಮಂಚದ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಒಂದೇ ಸಲ ಎಲ್ಲ ಹೇಳಬೇಕಾಗಿಲ್ಲ. ‘ಮೂಳೆಯಲ್ಲಿ ಗಡ್ಡೆ ಇದೆ ಅಪ್ಪ, ಸಾಮಾನ್ಯ ಗಡ್ಡೆ ಅಲ್ಲ, ಆದರೆ ಚಿಕಿತ್ಸೆ ಇದೆ’ ಅಂತ ಶುರುಮಾಡಿ. ಅವರಿಗೆ ಅರ್ಧ ಈಗಾಗಲೇ ಗೊತ್ತಾಗಿರುತ್ತದೆ.

ಬೇರೆ ದಾರಿ ಅಂದರೆ ರೇಡಿಯೇಷನ್, ನಮ್ಮ ಕಡೆ ಕರೆಂಟ್ ಕೊಡೋದು ಅನ್ನುತ್ತಾರೆ. ಕಾರ್ಡೋಮಾ ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. 70 ಗ್ರೇಗಿಂತ (ಗ್ರೇ ಅಂದರೆ ಕಿರಣದ ಡೋಸ್ ಅಳೆಯುವ ಮಾನ) ಮೇಲೆ ಕೊಡಬೇಕಾಗುತ್ತದೆ. ಪಕ್ಕದಲ್ಲಿರುವ ಬೆನ್ನುಹುರಿ, ಮೆದುಳಿನ ಕಾಂಡ, ಕರುಳು ಅಷ್ಟನ್ನು ತಾಳುವುದಿಲ್ಲ. ಇಲ್ಲಿ ಪ್ರೋಟಾನ್ ಸಹಾಯಕ್ಕೆ ಬರುತ್ತದೆ. ಮಾಮೂಲಿ ಎಕ್ಸ್‌ರೇ ಕಿರಣ ಮೈಯನ್ನು ತೂರಿಕೊಂಡು ಆಚೆ ಬದಿಗೂ ಹೋಗುತ್ತದೆ. ಪ್ರೋಟಾನ್ ಹಾಗಲ್ಲ, ನಾವು ಹೇಳಿದಷ್ಟು ಆಳಕ್ಕೆ ಹೋಗಿ, ಅಲ್ಲಿ ತನ್ನ ಶಕ್ತಿ ಸುರಿದು ನಿಂತುಬಿಡುತ್ತದೆ. ಈ ಗುಣವನ್ನು ಚಿಕಿತ್ಸೆಗೆ ಬಳಸಬಹುದು ಅಂತ 1946ರಲ್ಲೇ ಬರೆದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್. ನಮ್ಮ ದೇಶದಲ್ಲಿ 2019ರಲ್ಲಿ ಚೆನ್ನೈನ ಅಪೋಲೊ ಪ್ರೋಟಾನ್ ಕೇಂದ್ರ ಶುರುವಾಯಿತು. 2023ರಲ್ಲಿ ನವಿ ಮುಂಬೈನ ಖಾರ್‌ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರ ಆಕ್ಟ್ರೆಕ್ ಕೇಂದ್ರದಲ್ಲೂ ಚಿಕಿತ್ಸೆ ಆರಂಭವಾಗಿದೆ. ವಾರಕ್ಕೆ ಐದು ದಿನದಂತೆ ಏಳೆಂಟು ವಾರ ಅಲ್ಲೇ ಇರಬೇಕಾಗುತ್ತದೆ. ಪ್ರೋಟಾನ್ ಸಿಗದಿದ್ದರೆ ಬಾಗಿಲು ಮುಚ್ಚಿತು ಅಂತ ಅಲ್ಲ, ಈಗಿನ ಒಳ್ಳೆಯ ಎಕ್ಸ್‌ರೇ ಯಂತ್ರಗಳಲ್ಲೂ ಸುತ್ತಲಿನ ಅಂಗ ಉಳಿಸಿ ಹೆಚ್ಚಿನ ಡೋಸ್ ಕೊಡಲು ಆಗುತ್ತದೆ.

ಆಪರೇಷನ್ ಇಲ್ಲದೆ ಬರೀ ಕಿರಣದಿಂದಲೇ ಆಗುತ್ತಾ? ಜಪಾನಿನಲ್ಲಿ ಪ್ರೋಟಾನ್‌ಗಿಂತ ಭಾರದ ಕಾರ್ಬನ್ ಕಣಗಳನ್ನು ಬಳಸಿ, ಆಪರೇಷನ್ ಮಾಡಲಾಗದ ಸೇಕ್ರಮ್ ಕಾರ್ಡೋಮಾದ 188 ಜನರಿಗೆ ಚಿಕಿತ್ಸೆ ಕೊಟ್ಟರು. ಐದು ವರ್ಷಕ್ಕೆ ಸುಮಾರು 77%ರಷ್ಟು ಜನರಲ್ಲಿ ಗಡ್ಡೆ ಹತೋಟಿಯಲ್ಲಿತ್ತು. ಇದು ಸಣ್ಣ ಮಾತಲ್ಲ. ಕಾರ್ಬನ್ ಯಂತ್ರ ನಮ್ಮಲ್ಲಿ ಸದ್ಯಕ್ಕೆ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಎಸ್3ರ ಕೆಳಗಿನ ಗಡ್ಡೆಗೆ ಆಪರೇಷನ್ನೇ ಮೊದಲು. ಎಸ್2 ದಾಟಿ ಮೇಲೇರಿದ ಗಡ್ಡೆಗೆ ಎರಡೂ ದಾರಿಯನ್ನು ಅಪ್ಪನ ಮುಂದಿಟ್ಟು ಮಾತಾಡಬೇಕು. ಯಾವುದೇ ಆದರೂ ರೇಡಿಯೇಷನ್ ಡಾಕ್ಟರನ್ನು ಆಪರೇಷನ್‌ಗೆ ಮುಂಚೆಯೇ ನೋಡಿ. ಆಮೇಲೆ ಪ್ರೋಟಾನ್ ಕೊಡುವುದಿದ್ದರೆ ಬೆನ್ನಿಗೆ ಹಾಕುವ ರಾಡ್, ಸ್ಕ್ರೂ ಯಾವ ಲೋಹದ್ದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಲೋಹ ಜಾಸ್ತಿ ಇದ್ದರೆ ಕಿರಣದ ಲೆಕ್ಕಾಚಾರ ಕೆಡುತ್ತದೆ.

ದುಡ್ಡಿನ ಮಾತು. ಪ್ರೋಟಾನ್‌ಗೆ ಖಾಸಗಿಯಲ್ಲಿ ಹತ್ತಾರು ಲಕ್ಷ ಬೇಕು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ನೆರವಿದೆ. ಆಪರೇಷನ್‌ಗೆ ಅದು ದೊಡ್ಡ ಆಸರೆ, ಪ್ರೋಟಾನ್‌ನ ಖರ್ಚು ಅದನ್ನು ಮೀರುತ್ತದೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಟಾಟಾ ಆಸ್ಪತ್ರೆಯಲ್ಲಿ ಮೆಡಿಕಲ್ ಸೋಷಿಯಲ್ ವರ್ಕರ್ ಇರುತ್ತಾರೆ, ಮೊದಲ ದಿನವೇ ಅವರನ್ನು ಕಾಣಿ. ತೋಟ ಮಾರುವ ಮಾತು ಯಾರಾದರೂ ಎತ್ತಿದರೆ ಅದಕ್ಕೆ ಮುಂಚೆ ಈ ಬಾಗಿಲುಗಳನ್ನೆಲ್ಲ ತಟ್ಟಿ ನೋಡಿ. ಬೆಂಗಳೂರಿನ ಕಿದ್ವಾಯಿಯಲ್ಲಿ ಮೊದಲ ಅಭಿಪ್ರಾಯ ಪಡೆದು, ಅಲ್ಲಿಂದ ಚೀಟಿ ಹಿಡಿದು ಮುಂದೆ ಹೋಗುವುದೂ ಒಂದು ಒಳ್ಳೆಯ ದಾರಿ.

ಕೀಮೋ? ಮಾಮೂಲಿ ಕೀಮೋ ಕಾರ್ಡೋಮಾಕ್ಕೆ ನಾಟುವುದಿಲ್ಲ. ಯಾರಾದರೂ ಮೊದಲೇ ಕೀಮೋ ಶುರುಮಾಡೋಣ ಅಂದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಬೇಗ ಬೆಳೆಯುವ ಅಪರೂಪದ ಬಗೆಗಳಲ್ಲಿ ಮಾತ್ರ ಅದರ ಯೋಚನೆ ಬರುತ್ತದೆ. ಇಮ್ಯಾಟಿನಿಬ್‌ನಂಥ ಮಾತ್ರೆಗಳು ಮರುಕಳಿಸಿದ ಕೆಲವರಲ್ಲಿ ಗಡ್ಡೆಯ ಬೆಳವಣಿಗೆಯನ್ನು ಸ್ವಲ್ಪ ಕಾಲ ತಡೆಯುತ್ತವೆ, ಗುಣ ಮಾಡುವುದಿಲ್ಲ. ಸಂಶೋಧನೆ ನಿಂತಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಜಾಶ್ ಸಾಮರ್ ಎಂಬ ಹುಡುಗನಿಗೆ 2006ರಲ್ಲಿ ತಲೆಬುರುಡೆಯ ತಳದಲ್ಲಿ ಕಾರ್ಡೋಮಾ ಇರುವುದು ಗೊತ್ತಾಯಿತು. ಆತ ಅದೇ ವಿಶ್ವವಿದ್ಯಾಲಯದಲ್ಲಿ ಕಾರ್ಡೋಮಾ ಅಧ್ಯಯನ ಮಾಡುತ್ತಿದ್ದ ಲ್ಯಾಬ್‌ಗೆ ಹೋಗಿ ಸೇರಿಕೊಂಡ. 2007ರಲ್ಲಿ ಡಾಕ್ಟರಾಗಿದ್ದ ತನ್ನ ಅಮ್ಮನ ಜೊತೆ ಸೇರಿ ಕಾರ್ಡೋಮಾ ಫೌಂಡೇಶನ್ ಕಟ್ಟಿದ. ಜಗತ್ತಿನ ಅಲ್ಲೊಬ್ಬ ಇಲ್ಲೊಬ್ಬ ತಜ್ಞರನ್ನು ಒಂದೆಡೆ ಸೇರಿಸಿ ಚಿಕಿತ್ಸೆಗೆ ಒಂದು ಒಮ್ಮತ ಬರುವಂತೆ ಮಾಡಿದ್ದರಲ್ಲಿ ಆ ಸಂಸ್ಥೆಯ ಪಾಲು ದೊಡ್ಡದು. ಈ ಕಾಯಿಲೆಗೆ ಯಾರೂ ದಿಕ್ಕಿಲ್ಲ ಅಂತ ನಿಮಗೆ ಅನ್ನಿಸಿದಾಗ ಇದು ನೆನಪಿರಲಿ.

ನಿಮಗೆ, ನಿಮ್ಮ ಮಕ್ಕಳಿಗೆ ಬರುತ್ತಾ ಅಂತ ಕೇಳಿದ್ದೀರಿ. ಹೆಚ್ಚು ಕಡಿಮೆ ಎಲ್ಲರಲ್ಲೂ ಇದು ವಂಶದಿಂದ ಬಂದದ್ದಲ್ಲ. ಒಂದೇ ಮನೆಯ ಹಲವರಿಗೆ ಬಂದ ಕುಟುಂಬಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಅವರಲ್ಲಿ ಕೆಲವು ಮನೆಗಳಲ್ಲಿ ಬ್ರ್ಯಾಕಿಯುರಿ ಜೀನ್ ಒಂದರ ಬದಲು ಎರಡು ಪ್ರತಿ ಇರುವುದು 2009ರಲ್ಲಿ ಗೊತ್ತಾಯಿತು. ನಿಮ್ಮ ಮನೆಯಲ್ಲಿ ಇನ್ಯಾರಿಗೂ ಇಲ್ಲದಿದ್ದರೆ ನೀವು ಸ್ಕ್ಯಾನ್ ಮಾಡಿಸಿಕೊಳ್ಳುವ ಅಗತ್ಯ ಇಲ್ಲ. ಟ್ರ್ಯಾಕ್ಟರ್ ಕುಲುಕಿದ್ದರಿಂದ, ಹಿಂದೆ ಯಾವಾಗಲೋ ಜಾರಿ ಬಿದ್ದಿದ್ದರಿಂದ, ತೋಟಕ್ಕೆ ಔಷಧಿ ಹೊಡೆದಿದ್ದರಿಂದ ಬಂತಾ ಅಂತ ಅಪ್ಪ ಕೇಳಿದರೆ, ಅವರ ಕೈಯಲ್ಲಿ ಏನೂ ತಪ್ಪಾಗಿಲ್ಲ ಅಂತ ಹೇಳಿ. ಬಿದ್ದ ಏಟಿಗೆ ಇದು ಬರುವುದಿಲ್ಲ.

ಎಷ್ಟು ವರ್ಷ ಬದುಕುತ್ತಾರೆ ಅಂತ ನೀವು ಬರೆದಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಅಮೆರಿಕದ ದಾಖಲೆಗಳ ಪ್ರಕಾರ ಹತ್ತು ಜನರಲ್ಲಿ ಸುಮಾರು ಏಳು ಜನ 5 ವರ್ಷ ದಾಟುತ್ತಾರೆ, ನಾಲ್ಕೈದು ಜನ 10 ವರ್ಷ ದಾಟುತ್ತಾರೆ. ಇದರಲ್ಲಿ ಹಳೆಯ ಕಾಲದ ಚಿಕಿತ್ಸೆ ಪಡೆದವರೂ, ತಡವಾಗಿ ಬಂದವರೂ, 80 ವರ್ಷದವರೂ ಸೇರಿದ್ದಾರೆ. ಇಡಿಯಾಗಿ ಗಡ್ಡೆ ಹೊರಬಂದ 58 ವರ್ಷದವರ ಲೆಕ್ಕ ಇದಕ್ಕಿಂತ ಒಳ್ಳೆಯದಿರುತ್ತದೆ. ಆದರೆ ಐದು ವರ್ಷ ಆಯಿತು, ಇನ್ನು ಮುಗಿಯಿತು ಅನ್ನುವ ಕಾಯಿಲೆ ಇದಲ್ಲ. ಮೊದಲ ಕೆಲವು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಂಆರ್‌ಐ ಬೇಕು, 15 ವರ್ಷದ ತನಕ. ಶ್ವಾಸಕೋಶಕ್ಕೆ ಹರಡಿದೆಯಾ ಅಂತ ಎದೆಯ ಸಿಟಿಯನ್ನೂ ಆಗಾಗ ನೋಡುತ್ತಾರೆ, ಈಗಲೂ ಒಂದು ಮಾಡಿಸಿ. ಎಲ್ಲ ಸ್ಕ್ಯಾನ್‌ನ ಸಿಡಿ ಜೋಪಾನವಾಗಿಡಿ. ಬರೀ ಫಿಲ್ಮ್ ಹಿಡಿದು ಬಂದರೆ ನಮಗೆ ಪೂರ್ತಿ ನೋಡಲು ಆಗುವುದಿಲ್ಲ.

ಇನ್ನು ಟ್ರ್ಯಾಕ್ಟರ್. ಗಡ್ಡೆ ಎಸ್3ರ ಕೆಳಗಿದ್ದರೆ, ಗಾಯ ಚೆನ್ನಾಗಿ ಮಾಗಿದರೆ, ನಡೆಯುವುದಕ್ಕೆ, ತೋಟ ಸುತ್ತುವುದಕ್ಕೆ, ಕೊಯಿಲಿನ ಹೊತ್ತಿಗೆ ನಿಂತು ಕೆಲಸ ಮಾಡಿಸುವುದಕ್ಕೆ ಏನೂ ಅಡ್ಡಿ ಬರುವುದಿಲ್ಲ. ಕೂರುವುದು ಮಾತ್ರ ನಿಧಾನವಾಗಿ ವಾಪಸ್ ಬರುತ್ತದೆ. ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ. ಹಿಂಭಾಗದ ನಡುವೆ ಕತ್ತರಿಸಿದ ಫೋಮ್ ದಿಂಬು ಹಾಕಿಕೊಂಡು ಕೂರಬೇಕು. ನನ್ನ ಹತ್ತಿರ ಬಂದ ಒಬ್ಬರು ಒಂದು ವರ್ಷದ ಮೇಲೆ ಗದ್ದೆಯಲ್ಲಿ ಟ್ರ್ಯಾಕ್ಟರ್ ಹೊಡೆದ ಫೋಟೋ ಕಳಿಸಿದ್ದರು, ಸೀಟಿನ ಮೇಲೆ ಮಡಿಸಿದ ಕಂಬಳಿ ಇತ್ತು. ಎಸ್1ರ ತನಕ ಹೋಗಿದ್ದರೆ ಕ್ಲಚ್ ಒತ್ತುವ ಪಾದದ ಬಲ ಎಷ್ಟು ಉಳಿಯುತ್ತದೆ ಅನ್ನುವುದನ್ನು ಆಪರೇಷನ್ ಆದ ಮೇಲೇ ಹೇಳಲು ಸಾಧ್ಯ. ಸದ್ಯಕ್ಕೆ ಬೆಂಗಳೂರಿಗೆ ಬರುವಾಗ ಅಪ್ಪನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬರಬೇಡಿ. ರೈಲಿನಲ್ಲಿ ಮಲಗುವ ಬರ್ತ್ ಮಾಡಿಸಿ, ಕೆಳಗಿನದೇ ಕೇಳಿ, ಮಲಬದ್ಧತೆಯ ಔಷಧಿ ಹಿಂದಿನ ರಾತ್ರಿಯೇ ಕೊಟ್ಟಿರಿ. ಎಂಆರ್‌ಐ ಸಿಡಿ, ಬಯಾಪ್ಸಿ ಬ್ಲಾಕ್ ಎರಡೂ ಚೀಲದಲ್ಲಿರಲಿ.